ಹೊಟ್ಟೆಯೊಳಗೊಂದು ಹಿತ್ತಿಲ ಬಾಗಿಲು

ಮಕ್ಕಳೇ, ‘ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ’ ಎಂಬ ಗಾದೆಯನ್ನು ನೀವು ಕೇಳಿರುತ್ತೀರಿ. ಮನಸ್ಸಿನ ವಿಷಯಕ್ಕೆ ಈ ಗಾದೆ ಸರಿಯೇ. ಆದರೆ ಕಾಯಿಲೆಯ ವಿಷಯಕ್ಕೆ ಬಂದರೆ ಅದು ತಿರುಗುಮುರುಗು! ಕಾಮಾಲೆ ಆದವರಿಗೆ ಸಾಮಾನ್ಯವಾಗಿ ಆಕಾಶ ನೀಲಿಯಾಗಿಯೇ ಕಾಣುತ್ತದೆ, ಹಾಲು ಬೆಳ್ಳಗೇ ಕಾಣುತ್ತದೆ. ಹಳದಿ ಕಾಣುವುದು ಅವರ ಎದುರಿಗೆ ಕುಳಿತವರಿಗೆ. ಕನ್ನಡಿಯಲ್ಲಿ ಮುಖ ನೋಡಿಕೊಳ್ಳುವಾಗ ಕಣ್ಣಿನ ಬಿಳಿಭಾಗವನ್ನು ಯಾರು ತಾನೇ ಗಮನಿಸುತ್ತಾರೆ? ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ಕಥೆ ಕೇಳುವ ಮೊಮ್ಮಗುವೇ ಮೇಲೆ ನೋಡಿ, “ಅಜ್ಜಿ, ನಿನ್ನ ಕಣ್ಣು ಯಾಕೆ ಅರಿಶಿನದ ಹಾಗಿದೆ?” ಎಂದು ಕೇಳಬೇಕು.

ಕೇಳಿದರೆ ಅದು ದೊಡ್ಡ ಉಪಕಾರ. ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಈ ವಾರ ಹೊಟ್ಟೆಯೊಳಗಿನ ಒಂದು ಕಾಲುವೆಯ ದಂಡೆಯ ಮೇಲೆ ನಡೆದು ಬರೋಣ.

ಕೆರೆಗೆ ರಾಜಕಾಲುವೆ, ಕರುಳಿಗೆ ಪಿತ್ತನಾಳ

ಬೆಂಗಳೂರಿನ ಪೂರ್ವಕ್ಕೆ, ವೈಟ್‌ಫೀಲ್ಡ್ ಬಳಿ, ಪಟ್ಟಂದೂರು ಅಗ್ರಹಾರ ಎಂಬ ಊರಿದೆ. ಈಗ ಅದರ ಸುತ್ತ ಐಟಿ ಕಂಪನಿಗಳ ಗಾಜಿನ ಕಟ್ಟಡಗಳು. 2023ರ ಮಾರ್ಚ್‌ನಲ್ಲಿ ನೇರಳೆ ಮಾರ್ಗದ ಮೆಟ್ರೊ ರೈಲೂ ಅಲ್ಲಿಗೆ ಬಂತು. ಹಾಗಿದ್ದರೂ ಹೆಸರಿನಲ್ಲಿ ಅಗ್ರಹಾರ ಉಳಿದಿದೆ, ಊರಿಗೊಂದು ಕೆರೆಯೂ ಇದೆ.

ಕೆರೆ ಎಂದರೆ ಬರೀ ನೀರು ತುಂಬಿದ ಗುಂಡಿಯಲ್ಲ ಎಂಬುದು ತಾತಂದಿರಿಗೆ ಗೊತ್ತು. ಸುತ್ತಲಿನ ದಿಣ್ಣೆಗಳಿಂದ ಸಣ್ಣ ಸಣ್ಣ ಹರಿವುಗಳು ಇಳಿಯಬೇಕು. ಅವೆಲ್ಲ ಕೂಡಿ ಹಳ್ಳವಾಗಬೇಕು, ಹಳ್ಳಗಳು ಕೂಡಿ ರಾಜಕಾಲುವೆಯಾಗಬೇಕು, ಅದು ಕೆರೆಗೆ ಸೇರಬೇಕು. ರಾಜಕಾಲುವೆ ಒಂದೇ ಒಂದು ಕಡೆ ಕಿರಿದಾಯಿತೆನ್ನಿ, ನೀರು ಮುಂದೆ ಹೋಗದೆ ಹಿಂದಕ್ಕೆ ಏರುತ್ತದೆ. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಂಗಳೂರಿನ ಪೂರ್ವ ಭಾಗದ ಮನೆಗಳಿಗೆ ನೀರು ನುಗ್ಗಿದ್ದನ್ನು ನಿಮ್ಮಲ್ಲಿ ಹಲವರು ಟಿವಿಯಲ್ಲಿ ನೋಡಿದ್ದೀರಿ, ಕೆಲವರು ಮನೆಯಲ್ಲೇ ಕಂಡಿದ್ದೀರಿ.

ನಮ್ಮ ಹೊಟ್ಟೆಯ ಬಲಭಾಗದಲ್ಲಿ, ಪಕ್ಕೆಲುಬುಗಳ ಮರೆಯಲ್ಲಿ, ಸುಮಾರು ಒಂದೂವರೆ ಕಿಲೋ ತೂಕದ ಯಕೃತ್ತು ಇದೆ. ಮನೆಮಾತಿನಲ್ಲಿ ಲಿವರ್ ಅನ್ನುತ್ತೇವೆ. ಅದು ದಿನಕ್ಕೆ ಮುಕ್ಕಾಲು ಲೀಟರ್ ಆಸುಪಾಸು ಪಿತ್ತರಸ ತಯಾರಿಸುತ್ತದೆ. ಯಕೃತ್ತಿನ ತುಂಬ ಕೂದಲೆಳೆಗಿಂತ ಸಣ್ಣ ನಾಳಗಳಿವೆ. ಹರಿವುಗಳು ಹಳ್ಳವಾಗುವ ಹಾಗೆ ಅವು ಒಂದಕ್ಕೊಂದು ಸೇರಿ ಕೊನೆಗೆ ಒಂದೇ ಪಿತ್ತನಾಳವಾಗಿ ಸಣ್ಣ ಕರುಳಿಗೆ ಇಳಿಯುತ್ತವೆ. ದಾರಿಯಲ್ಲಿ ಪಕ್ಕಕ್ಕೆ ಜೋತುಬಿದ್ದ ಪುಟ್ಟ ಚೀಲವೇ ಪಿತ್ತಕೋಶ. ಊಟದ ಹೊತ್ತಿಗೆ ಬೇಕಾಗುವ ಪಿತ್ತರಸವನ್ನು ಅದು ಕೂಡಿಟ್ಟುಕೊಳ್ಳುತ್ತದೆ. ನೀವು ತುಪ್ಪ ಹಾಕಿದ ಹೋಳಿಗೆ ತಿಂದಾಗ ಆ ತುಪ್ಪವನ್ನು ನುಣ್ಣಗೆ ಒಡೆದು ಜೀರ್ಣಕ್ಕೆ ಸಜ್ಜು ಮಾಡುವುದು ಇದೇ ಪಿತ್ತರಸ.

ಇಷ್ಟು ದೊಡ್ಡ ಯಕೃತ್ತಿನ ನೀರೆಲ್ಲ ಹರಿಯುವ ಆ ಮುಖ್ಯ ಕಾಲುವೆಯ ಅಗಲ ಎಷ್ಟು ಗೊತ್ತೇ? ಸುಮಾರು 6 ಮಿಲಿಮೀಟರ್. ನಿಮ್ಮ ಪೆನ್ಸಿಲ್‌ನಷ್ಟೂ ದಪ್ಪವಿಲ್ಲ!

ಹಳದಿ ಬಣ್ಣ ಬಂದದ್ದೆಲ್ಲಿಂದ?

ನಮ್ಮ ರಕ್ತದ ಕೆಂಪು ಕಣಗಳು ಸುಮಾರು 120 ದಿನ ಬದುಕಿ ಸಾಯುತ್ತವೆ. ಸತ್ತ ಕಣಗಳಿಂದ ಬಿಲಿರುಬಿನ್ ಎಂಬ ಹಳದಿ ವಸ್ತು ಹುಟ್ಟುತ್ತದೆ. ಯಕೃತ್ತು ಅದನ್ನು ಪಿತ್ತರಸಕ್ಕೆ ಬೆರೆಸಿ ಕರುಳಿಗೆ ಕಳಿಸುತ್ತದೆ. ಮಲದ ಕಂದು ಬಣ್ಣ ಬರುವುದು ಅದರಿಂದಲೇ.

ಪಿತ್ತನಾಳ ಕಟ್ಟಿಕೊಂಡರೆ ಈ ಹಳದಿ ವಸ್ತು ಹಿಂದಕ್ಕೆ ಏರಿ ರಕ್ತಕ್ಕೆ ಸೇರುತ್ತದೆ. ಕಣ್ಣು, ಚರ್ಮ ಹಳದಿಯಾಗುತ್ತವೆ. ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗುತ್ತದೆ. ಕರುಳಿಗೆ ಬಣ್ಣ ಸಿಗದ್ದರಿಂದ ಮಲ ಜೇಡಿಮಣ್ಣಿನಂತೆ ಬಿಳಿಚಿಕೊಳ್ಳುತ್ತದೆ. ಮೈಯೆಲ್ಲ ತುರಿಕೆ. ನಿಂತ ನೀರಿನಲ್ಲಿ ಪಾಚಿ ಕಟ್ಟುವ ಹಾಗೆ ನಿಂತ ಪಿತ್ತದಲ್ಲಿ ರೋಗಾಣುಗಳು ಬೆಳೆಯುತ್ತವೆ. ಆಗ ಚಳಿ, ನಡುಕ, ಜ್ವರ.

ಇಲ್ಲಿ ಅಜ್ಜ ಅಜ್ಜಿಯರಿಗೆ ಒಂದು ಮಾತು. ಕಾಮಾಲೆಯಲ್ಲಿ ಬೇರೆ ಬೇರೆ ಬಗೆಗಳಿವೆ. ಕೊಳಕು ನೀರಿನಿಂದ ಬರುವ ವೈರಸ್ ಕಾಮಾಲೆ ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆ ದಿನಗಳಲ್ಲಿ ಯಾವ ಸೊಪ್ಪಿನ ರಸ ಕುಡಿದಿದ್ದರೂ, ಯಾರು ಮಂತ್ರ ಹಾಕಿದ್ದರೂ ವಾಸಿಯಾದ ಹೆಸರು ಅದಕ್ಕೇ ಹೋಗುತ್ತದೆ. ಆದರೆ ಕಾಲುವೆ ಕಟ್ಟಿ ಬಂದ ಕಾಮಾಲೆಯ ಲೆಕ್ಕವೇ ಬೇರೆ. ರಾಜಕಾಲುವೆಯ ಹೂಳು ಮಂತ್ರಕ್ಕೆ ಕರಗುವುದಿಲ್ಲ, ಯಾರಾದರೂ ಇಳಿದು ತೆಗೆಯಬೇಕು. ಕಾಯುತ್ತ ಕುಳಿತಷ್ಟೂ ಸೋಂಕು ಏರುತ್ತದೆ. ತಿಂಗಳುಗಟ್ಟಲೆ ಕಾದರೆ ಯಕೃತ್ತೇ ಗಟ್ಟಿಯಾಗಿ ಕೆಡುತ್ತದೆ.

ಕಾಲುವೆ ಕಿರಿದಾಗುವುದು ಹೇಗೆ?

ಕಲ್ಲು, ಗಡ್ಡೆ, ಹೀಗೆ ಕಾರಣಗಳು ಹಲವು. ನಾವು ಈ ವಾರ ನೋಡುವುದು ಒಂದನ್ನು ಮಾತ್ರ: ಆಪರೇಷನ್ ಆದ ಮೇಲೆ ನಾಳ ಕಿರಿದಾಗುವುದು.

ಪಿತ್ತಕೋಶದಲ್ಲಿ ಕಲ್ಲಾಗಿ ತೊಂದರೆ ಕೊಟ್ಟರೆ ಪಿತ್ತಕೋಶವನ್ನೇ ತೆಗೆಯುತ್ತಾರೆ. ಜಗತ್ತಿನಲ್ಲಿ ಮೊದಲ ಬಾರಿಗೆ ಹೀಗೆ ತೆಗೆದವರು ಬರ್ಲಿನ್ನಿನ ಕಾರ್ಲ್ ಲಾಂಗೆನ್‌ಬುಖ್, 1882ರಲ್ಲಿ. 1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ ಸಣ್ಣ ರಂಧ್ರಗಳ ಮೂಲಕ, ಅಂದರೆ ಲ್ಯಾಪರೊಸ್ಕೋಪಿಯಿಂದ, ತೆಗೆದು ತೋರಿಸಿದರು. ಈಗ ಬಹುತೇಕ ಎಲ್ಲೆಡೆ ಅದೇ ವಿಧಾನ. ಹೆಚ್ಚಿನವರು ಒಂದೆರಡು ದಿನಗಳಲ್ಲಿ ಮನೆಗೆ ಬಂದು ಅನ್ನ ಸಾರು ಉಣ್ಣುತ್ತಾರೆ. ಆದರೆ ಸಾವಿರ ಮಂದಿಯಲ್ಲಿ ಸುಮಾರು ಮೂರರಿಂದ ಐದು ಮಂದಿಗೆ ಪಕ್ಕದ ಮುಖ್ಯ ನಾಳಕ್ಕೆ ಪೆಟ್ಟಾಗುವುದುಂಟು. ಮೊಣಕಾಲು ತರಚಿದ ಜಾಗ ವಾಸಿಯಾಗುವಾಗ ಚರ್ಮ ಬಿಗಿದುಕೊಳ್ಳುತ್ತದಲ್ಲ, ಹಾಗೆಯೇ ಪೆಟ್ಟಾದ ನಾಳವೂ ವಾಸಿಯಾಗುತ್ತಾ ಒಳಗೊಳಗೇ ಬಿಗಿದುಕೊಳ್ಳುತ್ತದೆ. ಇದು ತಿಳಿಯಲು ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಬೇಕಾಗಬಹುದು.

ನಾಳಕ್ಕೆ ದೊಡ್ಡ ಪೆಟ್ಟಾದರೆ ಸರ್ಜನ್ ಸಣ್ಣ ಕರುಳಿನ ಒಂದು ತುಂಡನ್ನು ಮೇಲಕ್ಕೆ ತಂದು ಯಕೃತ್ತಿನ ನಾಳಕ್ಕೇ ಹೊಲಿಯುತ್ತಾರೆ. ಆಗ ಕರುಳಿನ ದಾರಿ ಕವಣೆಯ ಕವೆಯ ಹಾಗೆ ಎರಡು ಕವಲಾಗುತ್ತದೆ. ಸ್ವಿಟ್ಜರ್ಲೆಂಡಿನ ಸರ್ಜನ್ ಸೀಸರ್ ರೂ ಹೆಸರಿನಿಂದ ಈ ಜೋಡಣೆಗೆ ರೂ-ಜೋಡಣೆ ಎನ್ನುತ್ತಾರೆ. ಯಕೃತ್ತಿನ ಕಸಿಯಾದ ಕೆಲವರಿಗೂ, ಹುಟ್ಟುವಾಗಲೇ ಪಿತ್ತನಾಳ ಚೀಲದಂತೆ ಉಬ್ಬಿದ್ದ ಮಕ್ಕಳಿಗೂ ಇದೇ ಜೋಡಣೆ ಮಾಡುತ್ತಾರೆ. ಅಂಥ ಮಕ್ಕಳು ನಮ್ಮ ಏಷ್ಯಾ ಖಂಡದಲ್ಲೇ ಹೆಚ್ಚು. ಹೊಲಿಗೆಯ ಜಾಗವೂ ಎಷ್ಟೋ ವರ್ಷಗಳ ನಂತರ ಕಿರಿದಾಗಬಹುದು.

ಮುಂಬಾಗಿಲು, ಪಕ್ಕದ ಬಾಗಿಲು

ಹಿಂದೆ ಇದಕ್ಕೆ ಇದ್ದ ಉತ್ತರ ಒಂದೇ: ಮತ್ತೆ ಹೊಟ್ಟೆ ಕೊಯ್ಯುವುದು. ಒಮ್ಮೆ ಹೊಲಿದ ಬಟ್ಟೆಯನ್ನು ಬಿಚ್ಚಿ ಮತ್ತೆ ಹೊಲಿಯುವುದು ಎಷ್ಟು ಕಷ್ಟ ಎಂದು ಅಜ್ಜಿಯನ್ನು ಕೇಳಿ. ಹೊಟ್ಟೆಯೊಳಗೆ ಅದಕ್ಕಿಂತ ಕಷ್ಟ. ಈಗಲೂ ಕೆಲವರಿಗೆ ಅದೇ ಒಳ್ಳೆಯ ದಾರಿ. ಆದರೆ ಅನೇಕರಿಗೆ ಕೊಯ್ಯದೆ ಒಳಗೆ ಹೋಗುವ ಬಾಗಿಲುಗಳಿವೆ.

ಮುಂಬಾಗಿಲು ಎಂದರೆ ಬಾಯಿ. ಎಂಡೋಸ್ಕೋಪ್ ಎಂಬ ಬಾಗುವ ಕ್ಯಾಮೆರಾ ಕೊಳವೆಯನ್ನು ಬಾಯಿಂದ ಇಳಿಸಿ, ಹೊಟ್ಟೆ ದಾಟಿಸಿ, ಪಿತ್ತನಾಳ ಕರುಳಿಗೆ ತೆರೆಯುವ ಜಾಗಕ್ಕೆ ತಲುಪಿಸುತ್ತಾರೆ. ಇದಕ್ಕೆ ಇಆರ್‌ಸಿಪಿ ಎಂದು ಹೆಸರು. ದಾರಿ ಮೊದಲಿನಂತೆಯೇ ಇದ್ದರೆ ಇದೇ ಸಲೀಸು. ಆದರೆ ರೂ-ಜೋಡಣೆ ಆದವರಲ್ಲಿ ಕರುಳಿನ ದಾರಿ ಉದ್ದವಾಗಿ, ಸುತ್ತುಬಳಸಾಗಿರುತ್ತದೆ. ಸಾಮಾನ್ಯ ಕೊಳವೆ ಅಲ್ಲಿಗೆ ಎಟುಕುವುದಿಲ್ಲ.

ಆಗ ಪಕ್ಕದ ಬಾಗಿಲು. ಪಕ್ಕೆಲುಬುಗಳ ನಡುವಿನಿಂದ ಯಕೃತ್ತಿಗೆ ನೇರವಾಗಿ ಒಂದು ಸಣ್ಣ ಸೂಜಿ. ಸೂಜಿ ಹೋಗುವ ದಾರಿಯನ್ನು ವೈದ್ಯರು ಪರದೆಯ ಮೇಲೆ ನೋಡುತ್ತಲೇ ಮುಂದುವರಿಯುತ್ತಾರೆ. ಈ ಕೆಲಸ ಮಾಡುವವರು ಸರ್ಜನ್ ಅಲ್ಲ, ಇಂಟರ್‌ವೆನ್ಷನಲ್ ರೇಡಿಯಾಲಜಿಸ್ಟ್, ಅಂದರೆ ಚಿತ್ರ ನೋಡಿಕೊಂಡು ಚಿಕಿತ್ಸೆ ಮಾಡುವ ವೈದ್ಯರು.

ಲಾಡಿ ಏರಿಸುವ ಉಪಾಯ

ಪಟ್ಟಂದೂರು ಅಗ್ರಹಾರದಲ್ಲಿ ಒಬ್ಬರು ಅಜ್ಜಿ ಇದ್ದಾರೆ ಎಂದುಕೊಳ್ಳೋಣ. ಅವರಿಗೆ ಹಿಂದೆ ಇಂಥ ಆಪರೇಷನ್ ಆಗಿದೆ, ಈಗ ಕಣ್ಣು ಹಳದಿಯಾಗಿದೆ. ಅವರನ್ನು ಒಂದು ಮೇಜಿನ ಮೇಲೆ ಮಲಗಿಸುತ್ತಾರೆ. ವೈದ್ಯರು, ನರ್ಸ್ ಎಲ್ಲರೂ ಸೀಸದ ಏಪ್ರನ್ ತೊಟ್ಟಿರುತ್ತಾರೆ. ಎಕ್ಸ್‌ರೇ ಕಿರಣ ಅವರ ಮೈಗೆ ದಿನವೂ ತಾಗದಿರಲಿ ಎಂದು. ರಕ್ತ ಸರಿಯಾಗಿ ಹೆಪ್ಪುಗಟ್ಟುತ್ತದೆಯೇ ಎಂದು ಮೊದಲೇ ಪರೀಕ್ಷೆ ಆಗಿದೆ. ಸೋಂಕು ಏಳದಂತೆ ಆಂಟಿಬಯೋಟಿಕ್ ಕೊಟ್ಟಿದ್ದಾರೆ. ಪಕ್ಕೆಯ ಬಳಿ ಮರಗಟ್ಟಿಸುವ ಇಂಜೆಕ್ಷನ್, ಜೊತೆಗೆ ಮಂಪರು ಬರುವ ಔಷಧ. ಪುಟ್ಟ ಮಕ್ಕಳಾದರೆ ಪೂರ್ತಿ ನಿದ್ದೆಯನ್ನೇ ತರಿಸುತ್ತಾರೆ.

ಅಲ್ಟ್ರಾಸೌಂಡ್‌ನಲ್ಲಿ ಉಬ್ಬಿದ ನಾಳ ಕಂಡಿತು. ಸೂಜಿ ಒಳಗೆ ಹೋಯಿತು. ಅದರ ದಪ್ಪ ಸುಮಾರು 0.7 ಮಿಲಿಮೀಟರ್. ಇದಕ್ಕೆ ಚಿಬಾ ಸೂಜಿ ಎಂದು ಹೆಸರು. ಜಪಾನಿನ ಚಿಬಾ ವಿಶ್ವವಿದ್ಯಾಲಯದ ಕುನಿಯೊ ಒಕುಡಾ ಮತ್ತು ಸಂಗಡಿಗರು 1970ರ ದಶಕದಲ್ಲಿ ಇದನ್ನು ಬಳಕೆಗೆ ತಂದರು. ಸೂಜಿಯಿಂದ ಅಯೋಡಿನ್ ಇರುವ ಬಣ್ಣದ ದ್ರವ ಬಿಟ್ಟೊಡನೆ ಎಕ್ಸ್‌ರೇ ಪರದೆಯ ಮೇಲೆ ಇಡೀ ನಾಳಗಳ ಮರ ಮೂಡುತ್ತದೆ. ಎಲ್ಲಿ ಕಿರಿದಾಗಿದೆ ಎಂಬುದೂ ಕಾಣುತ್ತದೆ.

ಮುಂದಿನದು ಅಜ್ಜಿಯರಿಗೆ ಚೆನ್ನಾಗಿ ಗೊತ್ತಿರುವ ಉಪಾಯ. ಲಂಗಕ್ಕೆ ಲಾಡಿ ಏರಿಸುವಾಗ ಏನು ಮಾಡುತ್ತೀರಿ? ಲಾಡಿಯ ತುದಿಗೆ ಪಿನ್ನು ಸಿಕ್ಕಿಸಿ, ಪಿನ್ನನ್ನು ಮುಂದೆ ಮುಂದೆ ತಳ್ಳುತ್ತೀರಿ. ಪಿನ್ನು ಹೋದ ದಾರಿಯಲ್ಲಿ ಲಾಡಿ ಹಿಂಬಾಲಿಸುತ್ತದೆ. ಇಲ್ಲಿಯೂ ಹಾಗೆಯೇ. ಸೂಜಿಯೊಳಗಿಂದ ಒಂದು ತೆಳು ತಂತಿ ತೂರಿಸುತ್ತಾರೆ. ತಂತಿ ಕಿರಿದಾದ ಜಾಗವನ್ನು ದಾಟಿ ಕರುಳಿಗೆ ಇಳಿಯಿತು ಎಂದರೆ ಅರ್ಧ ಯುದ್ಧ ಗೆದ್ದಂತೆ. ಸೂಜಿ ಹೊರಗೆ ಬರುತ್ತದೆ, ತಂತಿ ಒಳಗೇ ಇರುತ್ತದೆ. ಆ ತಂತಿಯ ಮೇಲೆ ಕೊಳವೆ, ಕೊಳವೆಯ ತುದಿಯಲ್ಲಿ ಮಡಚಿದ ಬಲೂನು. ಕಿರಿದಾದ ಜಾಗದಲ್ಲಿ ಬಲೂನನ್ನು ಸುಮಾರು ಒಂದು ಸೆಂಟಿಮೀಟರ್ ಅಗಲಕ್ಕೆ ಹಿಗ್ಗಿಸುತ್ತಾರೆ. ಸೊಂಟದಲ್ಲಿ ಹಿಸುಕಿದಂತಿದ್ದ ಬಲೂನು ನಿಧಾನವಾಗಿ ನೆಟ್ಟಗಾಗುತ್ತದೆ. ಕಾಲುವೆ ತೆರೆಯಿತು!

ಈ ತಂತಿಯ ಉಪಾಯವನ್ನು 1953ರಲ್ಲಿ ಪ್ರಕಟಿಸಿದವರು ಸ್ವೀಡನ್ನಿನ ಸ್ವೆನ್-ಇವಾರ್ ಸೆಲ್ಡಿಂಗರ್. 1964ರ ಜನವರಿ 16ರಂದು ಅಮೆರಿಕದ ಚಾರ್ಲ್ಸ್ ಡಾಟರ್, 82 ವರ್ಷದ ಒಬ್ಬ ಅಜ್ಜಿಯ ಕಾಲಿನ ಕಿರಿದಾದ ರಕ್ತನಾಳವನ್ನು ತಂತಿ ಮತ್ತು ಕೊಳವೆಗಳಿಂದಲೇ ಅಗಲ ಮಾಡಿದರು. ಕಾಲು ಕತ್ತರಿಸಬೇಕು ಎಂದಿದ್ದರು, ಅಜ್ಜಿ ಒಪ್ಪಿರಲಿಲ್ಲ. ಆ ಕಾಲು ಉಳಿಯಿತು. ಇನ್ನು ಬಲೂನು? ಜ್ಯೂರಿಕ್ ನಗರದ ಆಂಡ್ರಿಯಾಸ್ ಗ್ರುಂಟ್‌ಸಿಗ್ ಎಂಬ ವೈದ್ಯರು 1970ರ ದಶಕದಲ್ಲಿ ತಮ್ಮ ಮನೆಯ ಅಡುಗೆಮನೆಯ ಮೇಜಿನ ಮೇಲೆ ಮಾಡಿ ನೋಡಿದ ಬಲೂನುಗಳಿಂದ ಅದು ಬೆಳೆಯಿತು. 1977ರಲ್ಲಿ ಅವರು ಅದರಿಂದ ಹೃದಯದ ರಕ್ತನಾಳವನ್ನೇ ತೆರೆದರು. ಹೃದಯಕ್ಕೂ ಕಾಲಿಗೂ ಬಂದ ಉಪಾಯವೇ ಪಿತ್ತನಾಳಕ್ಕೂ ಬಂತು.

ಪಟ್ಟಂದೂರು ಅಗ್ರಹಾರದಲ್ಲಿ ಮೆಟ್ರೊ ಹತ್ತಿ ನಗರದ ಕಡೆ ಹೊರಟರೆ ಸಿಗುವ ಮುಂದಿನ ನಿಲ್ದಾಣದ ಹೆಸರು ಶ್ರೀ ಸತ್ಯಸಾಯಿ ಆಸ್ಪತ್ರೆ. 2001ರ ಜನವರಿಯಲ್ಲಿ ಆರಂಭವಾದ, ಹಣ ಪಡೆಯದೆ ಚಿಕಿತ್ಸೆ ಕೊಡುವ ಆಸ್ಪತ್ರೆ ಅದು. ಅಲ್ಲಿ ಹೃದಯದ ನಾಳಗಳಿಗೆ ತಂತಿ ಏರಿಸುವುದೂ ಇದೇ ವಿದ್ಯೆಯ ಇನ್ನೊಂದು ಕೊಂಬೆ. ಒಳಗನ್ನು ತೋರಿಸುವ ಸ್ಕ್ಯಾನಿಂಗ್ ಯಂತ್ರಗಳನ್ನು ತಯಾರಿಸುವ ಕಾರ್ಖಾನೆಯೂ ಇದೇ ವೈಟ್‌ಫೀಲ್ಡ್ ಸೀಮೆಯಲ್ಲಿದೆ, ವಿಪ್ರೊ ಜಿಇ ಕಂಪನಿಯದು. ನಿಮ್ಮ ಪಕ್ಕದ ಮನೆಯ ಅಣ್ಣನೋ ಅಕ್ಕನೋ ಬೆಳಿಗ್ಗೆ ಬ್ಯಾಗು ಹಾಕಿಕೊಂಡು ಹೊರಡುವುದು ಇಂಥ ಯಂತ್ರವನ್ನು ರೂಪಿಸುವುದಕ್ಕೂ ಇರಬಹುದು.

ಹಿತ್ತಿಲ ಬಾಗಿಲು

ಒಂದು ಸಲ ಬಲೂನು ಹಿಗ್ಗಿಸಿದರೆ ಕೆಲಸ ಮುಗಿಯಿತೇ? ಇಲ್ಲ. ಬಿಗಿದುಕೊಳ್ಳುವುದು ಗಾಯದ ಸ್ವಭಾವ. ಆದ್ದರಿಂದ ತೆಳುವಾದ ಕೊಳವೆಯೊಂದನ್ನು ಕೆಲವು ತಿಂಗಳು ಒಳಗೇ ಬಿಡುತ್ತಾರೆ. ಅದರ ಒಂದು ತುದಿ ಹೊರಗೆ ಪಕ್ಕೆಯ ಬಳಿ ಇರುತ್ತದೆ. ಕೆಲವು ವಾರಗಳಿಗೊಮ್ಮೆ ಕೊಳವೆ ಬದಲಿಸಬೇಕು, ಬೇಕಾದರೆ ಮತ್ತೆ ಬಲೂನು ಹಿಗ್ಗಿಸಬೇಕು. ಯಕೃತ್ತಿನ ಮೂಲಕ ಹೋಗುವ ಈ ದಾರಿಯಲ್ಲಿ ರಕ್ತಸ್ರಾವ, ಸೋಂಕು, ಪಿತ್ತ ಸೋರುವುದು, ಇಂಥ ಅಪಾಯಗಳೂ ಇವೆ. ವರ್ಷಗಳ ನಂತರ ಮತ್ತೆ ಕಿರಿದಾದರೆ ಮತ್ತೆ ಸೂಜಿಯಿಂದಲೇ ಶುರು.

ಇದಕ್ಕೆ ಕೆಲವು ಸರ್ಜನ್‌ಗಳು ಹೂಡಿದ ಉಪಾಯ ಎಷ್ಟು ಸರಳ ನೋಡಿ! ಯಕೃತ್ತಿಗೆ ಹೊಲಿಯಲು ಕರುಳಿನ ತುಂಡನ್ನು ಮೇಲೆ ತರುತ್ತಾರಲ್ಲ, ಅದರ ಮುಚ್ಚಿದ ತುದಿಯನ್ನು ಸ್ವಲ್ಪ ಉದ್ದ ಬಿಟ್ಟು, ಹೊಟ್ಟೆಯ ಗೋಡೆಗೆ, ಚರ್ಮದ ಕೆಳಗೇ ಹೊಲಿದುಬಿಡುತ್ತಾರೆ. ಅದರ ಸುತ್ತ ಪುಟ್ಟ ಲೋಹದ ಗುರುತುಗಳನ್ನು ಇಡುತ್ತಾರೆ. ಮುಂದೆ ಯಾವತ್ತಾದರೂ ನಾಳ ಕಿರಿದಾದರೆ ಎಕ್ಸ್‌ರೇಯಲ್ಲಿ ಆ ಲೋಹದ ಗುರುತು ಕಾಣುತ್ತದೆ. ಅಲ್ಲೇ ಸೂಜಿ ಚುಚ್ಚಿದರೆ ನೇರ ಕರುಳು, ಕರುಳಿನೊಳಗಿಂದ ಮೇಲಕ್ಕೆ ಹೋದರೆ ಪಿತ್ತನಾಳ! ಯಕೃತ್ತನ್ನು ಚುಚ್ಚಬೇಕಿಲ್ಲ, ಹೊಟ್ಟೆ ಕೊಯ್ಯಬೇಕಿಲ್ಲ. 1984ರಲ್ಲಿ ಇಂಥ ದಾರಿಯಿಂದ ಬಲೂನು ಚಿಕಿತ್ಸೆ ಮಾಡಿದ್ದನ್ನು ಬರೆದವರು ಅಮೆರಿಕದ ಮಯಾಮಿಯ ಹಟ್ಸನ್ ಮತ್ತು ಸಂಗಡಿಗರು. ಅದಕ್ಕೇ ಇದಕ್ಕೆ ಹಟ್ಸನ್ ಲೂಪ್ ಎಂದು ಹೆಸರು. ನಾವು ಹಿತ್ತಿಲ ಬಾಗಿಲು ಎನ್ನೋಣ.

ಇದರಲ್ಲಿ ನನಗೆ ತುಂಬ ಹಿಡಿಸುವುದು ಒಂದು ಸಂಗತಿ. ಈ ಬಾಗಿಲನ್ನು ಇಡುವ ಸರ್ಜನ್‌ಗೆ ಅದು ಬೇಕಾಗುವುದಿಲ್ಲ. ಹತ್ತು ವರ್ಷಗಳ ಮೇಲೆ, ಇನ್ಯಾವುದೋ ಊರಿನಲ್ಲಿ, ಮುಖ ನೋಡಿರದ ಇನ್ಯಾರೋ ವೈದ್ಯರಿಗೆ ಅದು ಬೇಕಾಗುತ್ತದೆ. ಕೆರೆ ಕಟ್ಟಿದ ಹಿರಿಯರು ತೂಬು ಇಟ್ಟದ್ದೂ ಹೀಗೆಯೇ ಅಲ್ಲವೇ? ಮುಂದೆ ನೀರು ಬಿಡುವವರು ಕಟ್ಟೆಯನ್ನೇ ಒಡೆಯುವಂತಾಗಬಾರದು ಎಂದು.

ಆದರೆ ಬಾಗಿಲು ಇದೆ ಎಂಬುದು ಮುಂದಿನವರಿಗೆ ಗೊತ್ತಾಗಬೇಕಲ್ಲ! ಅದು ಬರೆದಿರುವುದು ಆಪರೇಷನ್ನಿನ ಕಾಗದದಲ್ಲಿ. ಆ ಕಾಗದ ಎಲ್ಲಿದೆ? ಎಷ್ಟೋ ಮನೆಗಳಲ್ಲಿ ಅದು ಬೀರುವಿನ ಮೇಲಿನ ಪ್ಲಾಸ್ಟಿಕ್ ಚೀಲದಲ್ಲಿ, ಹಳೆಯ ಕರೆಂಟ್ ಬಿಲ್ಲುಗಳ ಜೊತೆಗಿರುತ್ತದೆ. ಇಲ್ಲವೇ ಮನೆ ಬದಲಿಸುವಾಗ ರದ್ದಿಗೆ ಹೋಗಿರುತ್ತದೆ.

ಅಜ್ಜ ಅಜ್ಜಿಯರ ಗಮನಕ್ಕೆ

ಪಿತ್ತಕೋಶ, ಪಿತ್ತನಾಳ ಅಥವಾ ಯಕೃತ್ತಿನ ಆಪರೇಷನ್ ಆಗಿ ಎಷ್ಟೇ ವರ್ಷವಾಗಿರಲಿ, ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣವಾದರೆ, ಮಲ ಬಿಳಿಚಿದರೆ, ಮೈ ತುರಿಸಿದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಹಳದಿಯ ಜೊತೆಗೆ ಚಳಿಜ್ವರವೂ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ರಾತ್ರಿಯಾದರೂ ಸರಿ, ಬೆಳಗಾಗಲಿ ಎನ್ನಬೇಡಿ. ಹಿಂದಿನ ಆಪರೇಷನ್ ಬಗ್ಗೆ ನೀವಾಗಿಯೇ ಹೇಳಿ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಜಠರ, ಕರುಳು, ಯಕೃತ್ತಿನ ಕಾಯಿಲೆಗಳಿಗೆಂದೇ ಸರ್ಕಾರಿ ಸಂಸ್ಥೆಯಿದೆ ಎಂಬುದೂ ನೆನಪಿರಲಿ.

ಕೊಳವೆ ಹಾಕಿಸಿಕೊಂಡು ಮನೆಗೆ ಬಂದಿದ್ದರೆ ನಾಚಿಕೆ ಬೇಡ. ನರ್ಸ್ ಹೇಳಿಕೊಟ್ಟಂತೆ ಕೈ ತೊಳೆದು ಕೊಳವೆ ಶುಚಿ ಮಾಡುವುದು, ಅದು ಎಳೆದುಹೋಗದಂತೆ ನೋಡಿಕೊಳ್ಳುವುದು, ಬದಲಿಸುವ ದಿನ ತಪ್ಪಿಸದಿರುವುದು, ಈ ಮೂರು ಸಾಕು. ಮಕ್ಕಳೇ, ಅಜ್ಜಿಯ ಪಕ್ಕೆಯಲ್ಲಿ ಕೊಳವೆ ಕಂಡರೆ ಹೆದರಬೇಡಿ, ಮುಟ್ಟಬೇಡಿ. ಅದು ಅಜ್ಜಿಯ ಕಾಲುವೆಯನ್ನು ತೆರೆದಿಡುವ ಕಾವಲುಗಾರ.

ಈ ವಾರದ ಕೆಲಸ

ಒಂದು ನೋಟ್‌ಬುಕ್ ತೆಗೆದುಕೊಂಡು ಭಾನುವಾರ ಮಧ್ಯಾಹ್ನ ತಾತನ, ಅಜ್ಜಿಯ ಪಕ್ಕ ಕುಳಿತುಕೊಳ್ಳಿ. ಮನೆಯ ಪ್ರತಿಯೊಬ್ಬರಿಗೂ ಒಂದು ಪುಟ. ಯಾವ ಆಪರೇಷನ್ ಆಗಿದೆ, ಯಾವ ವರ್ಷ, ಯಾವ ಆಸ್ಪತ್ರೆ, ಯಾವ ಔಷಧ ಒಗ್ಗುವುದಿಲ್ಲ, ಇಷ್ಟನ್ನು ಅವರು ಹೇಳಲಿ, ನೀವು ದುಂಡಗೆ ಬರೆಯಿರಿ. ಹಳೆಯ ಡಿಸ್ಚಾರ್ಜ್ ಕಾಗದ, ಸ್ಕ್ಯಾನಿಂಗ್ ಫಿಲ್ಮುಗಳನ್ನು ಹುಡುಕಿ ಒಂದೇ ಫೈಲಿನಲ್ಲಿ ಇಡಿ. ಅಮ್ಮನ ಫೋನಿನಲ್ಲಿ ಅವುಗಳ ಫೋಟೊ ತೆಗೆದಿಡಿ. ಯಾವುದಾದರೂ ಕಾಗದ ಕಳೆದಿದ್ದರೆ ಆಪರೇಷನ್ ಮಾಡಿದ ಆಸ್ಪತ್ರೆಯಲ್ಲಿ ಪ್ರತಿ ಕೇಳಲು ಅಪ್ಪನಿಗೆ ನೆನಪಿಸಿ.

ಬರೆಯುವಾಗ ತಾತ ಆಪರೇಷನ್ನಿನ ಕಥೆಯನ್ನು ಉದ್ದಕ್ಕೆ ಹೇಳಬಹುದು. ಹೇಳಲಿ, ಕೇಳಿ. ಎಲ್ಲ ಮುಗಿದ ಮೇಲೆ ಕಿಟಕಿಯ ಬೆಳಕಿಗೆ ಕೂರಿಸಿ ಅವರ ಕಣ್ಣುಗಳನ್ನೂ ಒಮ್ಮೆ ನೋಡಿ. ಬೆಳ್ಳಗಿದ್ದರೆ ಸಂತೋಷ. ಹಳದಿ ಕಂಡರೆ ಅಮ್ಮನನ್ನು ಕೂಗಿ.